ಬೌಕ್ಯೆ ಬಂದರೆ ಆರುವ ದೀಪ

ವೀಬ್ರೆನ್‌ಗೆ ಎಪ್ಪತ್ತು ತುಂಬಿದ ಆ ನವೆಂಬರ್ ಸಂಜೆ ಅವನ ಮನೆಯ ಕುರ್ಚಿಗಳನ್ನೆಲ್ಲ ದುಂಡಗೆ ಜೋಡಿಸಲಾಗಿತ್ತು. ನೆಂಟರು ಬಂದು ಅವನ ಕೈಕುಲುಕಿದರು, ಅವನ ಮಗಳ ಕೈಕುಲುಕಿದರು, ತಮ್ಮತಮ್ಮಲ್ಲೇ ಕೈಕುಲುಕಿಕೊಂಡು ಅಭಿನಂದನೆ ಹೇಳಿಕೊಂಡರು. ಆಮೇಲೆ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೇಕು ತಿನ್ನುತ್ತ ಕೂತರು. ಅವನ ತಮ್ಮ ಡೌವೆ ಮಾತ್ರ ಕೂತಲ್ಲಿ ಕೂರದೆ, ಮನೆಯ ದೀಪ ಹೊತ್ತಿಸಿ ಆರಿಸುವ ಮಾತಾಡುವ ಯಂತ್ರ ಎಲ್ಲಡಗಿದೆಯೆಂದು ಗೋಡೆ, ಸೂರು ಎಲ್ಲ ಹುಡುಕಾಡುತ್ತಿದ್ದ.

"ಸ್ವಿಚ್ ಒತ್ತೋಕೆ ಬೆರಳು ಸವೆದುಹೋಗಿತ್ತೇನೋ ಅಣ್ಣ? ಇದಕ್ಕೆಲ್ಲ ಒಂದು ಯಂತ್ರ ಬೇಕಿತ್ತಾ?"

"ನಿನಗೇನು ಗೊತ್ತು, ಹಸು ಮೇಯಿಸಿಕೊಂಡಿದ್ದೋನು. ಇದು ಬರೀ ಸ್ವಿಚ್ ಅಲ್ಲ ಕಣೋ. ನಾನೇನು ಮಾಡ್ತೀನಿ ಅಂತ ನೋಡ್ಕೊಂಡು ತಾನೇ ಕಲಿಯುತ್ತೆ. ಏಳೋ ಹೊತ್ತಿಗೆ ಮನೆ ಬೆಚ್ಚಗಿರುತ್ತೆ, ಕಾಫಿ ತಯಾರಿರುತ್ತೆ. ಒಲೆ ಆರಿಸೋದು ಮರೆತ್ರೆ ಅದೇ ಆರಿಸುತ್ತೆ. ನನ್ನ ಮನಸ್ಸಲ್ಲಿರೋದು ನನಗಿಂತ ಮೊದಲು ಅದಕ್ಕೆ ಗೊತ್ತಾಗುತ್ತೆ."

ಇಷ್ಟು ಜಂಬ ಕೊಚ್ಚಿ ಅವನು ಕೇಕಿಗೆ ಬಾಯಿ ಹಾಕಿದ್ದನಷ್ಟೇ. ಕಾಫಿ ಬಗ್ಗಿಸುತ್ತಿದ್ದ ಮಗಳು ಫೆಮ್ಕೆ ಹೇಳಿದಳು: "ಅಪ್ಪ, ಎದುರುಮನೆ ಬೌಕ್ಯೆ ಚಿಕ್ಕಮ್ಮನ್ನೂ ಕರೆದಿದ್ದೀನಿ. ಪಾಪ, ಅಮ್ಮನಿಗೆ ಅಷ್ಟೆಲ್ಲ ಮಾಡಿದೋರು. ಈ ಮನೆ ಒಳಗೆ ಕಾಲಿಟ್ಟು ಯಾವ ಕಾಲ ಆಯ್ತೋ ಅಂತಿದ್ರು."

ವೀಬ್ರೆನ್‌ಗೆ ಕೇಕು ಗಂಟಲಲ್ಲೇ ನಿಂತಿತು.

ನಿಲ್ಲದೆ ಏನು ಮಾಡೀತು! ಹೆಂಡತಿ ಹಿಲ್ಟ್ಯ ಹಾಸಿಗೆ ಹಿಡಿದಾಗ ಅವಳ ಮೈ ಒರೆಸಿದವಳು, ತಲೆ ಬಾಚಿದವಳು ಈ ಬೌಕ್ಯೆ. ಹಿಲ್ಟ್ಯ ಹೋದ ಮೇಲೂ ಗುರುವಾರ ತಪ್ಪದೆ ಬಟಾಣಿ ಸೂಪು ಹಿಡಿದು ಬರುತ್ತಿದ್ದಳು. ಬಂದವಳು ಬೇಗ ಏಳುತ್ತಿರಲಿಲ್ಲ. ಹಿಲ್ಟ್ಯ ಕೊನೆಗೆ ಹೀಗಂದಳು, ಹಾಗಂದಳು ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು, ಸ್ವಲ್ಪ ಅಳುತ್ತಿದ್ದಳು. ಅವನಿಗೆ ಬೇಸರ ಬಂತು. ದುಃಖವೇನೂ ಅಲ್ಲ, ಬರೀ ಬೇಸರ. ಟೀವಿಯಲ್ಲಿ ಫುಟ್‌ಬಾಲ್ ತಪ್ಪಿಹೋಗುತ್ತಿತ್ತು, ಅಷ್ಟೇ.

ಫೆಮ್ಕೆ ಈ ಯಂತ್ರ ಹಾಕಿಸಿಕೊಟ್ಟಾಗ ಅವನಿಗೆ ದಾರಿ ಸಿಕ್ಕಿತು. ಬೌಕ್ಯೆ ಬೀದಿ ದಾಟುವುದು ಕಂಡರೆ "ಎಲ್ಲ ಆರಿಸು" ಎನ್ನುವುದು, ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂರುವುದು. ಅವಳು ಬೆಲ್ಲು ಒತ್ತುವಳು, ಕಾಯುವಳು, ಹೋಗುವಳು. ಕೆಲವು ವಾರ ಕಳೆದ ಮೇಲೆ ಹೇಳುವ ಗೊಡವೆಯೂ ಇರಲಿಲ್ಲ. ಬಾಗಿಲ ಮೇಲಿನ ಕ್ಯಾಮೆರಾ ಅವಳ ಮುಖ ಗುರುತು ಹಿಡಿದದ್ದೇ ತಡ, ದೀಪ ಆರುತ್ತಿತ್ತು, ಟೀವಿ ನಿಲ್ಲುತ್ತಿತ್ತು, ಪರದೆ ಮುಚ್ಚುತ್ತಿತ್ತು. ಸಾವಾದ ಮನೆಯವರ ಹೊರತು ಯಾರೂ ಮಲಗುವ ಮುಂಚೆ ಪರದೆ ಎಳೆಯದ ಬೀದಿ ಅದು! ಮೊದಲ ಸಲ ಹಾಗಾದಾಗ ಈ ಮಹಾನುಭಾವ ಕತ್ತಲಲ್ಲಿ ಕೂತು "ಭಲೇ" ಎಂದಿದ್ದ.

ಈಗ ಅವಳು ಬರುತ್ತಾಳೆ, ಎಲ್ಲರೆದುರು ಬರುತ್ತಾಳೆ. ಮಗಳಿಗೆ ತಿಳಿದರೆ ಮುಖ ಎಲ್ಲಿಡುವುದು?

ಅವನು ಅಡುಗೆಮನೆಗೆ ನುಸುಳಿ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ: "ಕೇಳು, ಇವತ್ತು ಅವಳು ಬಂದಾಗ ಏನೂ ಮಾಡ್ಬೇಡ."

ಯಂತ್ರಕ್ಕೆ ಪಿಸುಮಾತು ಗೊತ್ತೇ? ಹಜಾರ, ಮಲಗುವ ಕೋಣೆ, ಅಡುಗೆಮನೆ ಎಲ್ಲ ಕಡೆಯಿಂದ ಒಟ್ಟಿಗೆ ಕೇಳಿತು: "ಅವಳು ಅಂದ್ರೆ ಯಾರು ಅಂತ ಹೇಳ್ತೀರಾ?"

"ಯಾರೋ ಅವಳು?" ಆಚೆಯಿಂದ ಡೌವೆ ಕೂಗಿದ. "ಈ ವಯಸ್ಸಲ್ಲಿ ಬಚ್ಚಿಟ್ಟುಕೊಳ್ಳೋ ಅಂಥೋಳು!"

ಎಲ್ಲರೂ ಬಿದ್ದುಬಿದ್ದು ನಕ್ಕರು. ಹೆಸರು ಹೇಳಿದರೆ ಎಲ್ಲರ ಕಿವಿಗೂ ಬೀಳುತ್ತದೆ. "ಯಾರೂ ಇಲ್ಲ ಬಿಡು" ಎಂದ ವೀಬ್ರೆನ್. ತಾನೇ ಬೀದಿಗೆ ಹೋಗಿ ಅವಳನ್ನು ತಡೆಯೋಣವೆಂದು ಕೋಟು ಹುಡುಕಿದ. ನೆಂಟರ ಕೋಟುಗಳ ರಾಶಿಯಲ್ಲಿ ತನ್ನದು ಸಿಗುವಷ್ಟರಲ್ಲಿ ದೀಪ ಆರಿತು.

ಯಂತ್ರ ಹಾಕಿದ್ದ ಹಾಡು ನಿಂತಿತು. ಪರದೆ ಸರ್ರನೆ ಬಂದು ಕಿಟಕಿ ಮುಚ್ಚಿತು. ಕತ್ತಲಲ್ಲಿ ಯಂತ್ರ ತಗ್ಗಿದ ದನಿಯಲ್ಲಿ ಹೇಳಿತು: "ಬೌಕ್ಯೆ ಬಂದಿದ್ದಾರೆ. ಹೋದ ಮೇಲೆ ಹೇಳ್ತೀನಿ."

ಯಾರೂ ನಗಲಿಲ್ಲ. "ಅಪ್ಪ..." ಎಂದಳು ಫೆಮ್ಕೆ. ಯಾರೋ ಸ್ವಿಚ್ ಒತ್ತಿದರು. ದೀಪ ಹತ್ತಿ ಮತ್ತೆ ಆರಿತು. ಬೆಲ್ಲು ಹೊಡೆಯಿತು.

ಅವನು ತಡವರಿಸಿಕೊಂಡು ಹೋಗಿ ಬಾಗಿಲು ತೆಗೆದ. ಬೌಕ್ಯೆ ಒಳ್ಳೆಯ ಕೋಟು ಹಾಕಿಕೊಂಡು, ಕೈಯಲ್ಲಿ ಕೇಕಿನ ತಟ್ಟೆ ಹಿಡಿದು ನಿಂತಿದ್ದಳು. ಬೀದಿ ದಾಟುವಾಗ ಕಿಟಕಿಯಲ್ಲಿ ಎಲ್ಲರನ್ನೂ ಕಂಡಿದ್ದಳು. ಅದು ಅವಳ ಮುಖದಲ್ಲೇ ಇತ್ತು.

"ಈ ಹಾಳು ಯಂತ್ರ ಬೌಕ್ಯೆ," ಎಂದ ಅವನು. ಬಾಯಿಗೆ ಬಂದದ್ದೇ ಸುಳ್ಳು. "ನಾನಲ್ಲ. ಅದೇ ತಾನಾಗಿ ಆರಿಸುತ್ತೆ. ಗುರುವಾರಗಳಲ್ಲೂ ಅಷ್ಟೇ, ಅದೇ ಆರಿಸ್ತಿದ್ದಿದ್ದು, ನಾನಲ್ಲ."

ಬೌಕ್ಯೆ ಕತ್ತಲಾದ ಕಿಟಕಿಯತ್ತ ನೋಡಿದಳು.

"ನೀವೇ ಆರಿಸ್ತೀರ ಅಂದ್ಕೊಂಡಿದ್ದೆ," ಎಂದಳು. "ನನ್ನ ಕಂಡ್ರೆ ಆಗಲ್ಲ ಅಂತ ಗೊತ್ತಾಗಿತ್ತು, ಅಷ್ಟೂ ತಿಳಿಯಲ್ವಾ? ಆದ್ರೂ ಬರ್ತಿದ್ದೆ. ನಮ್ಮನೆಯವರನ್ನ ನೋಡ್ಕೊಂಡಿರು ಅಂತ ಹಿಲ್ಟ್ಯ ಹೇಳಿ ಹೋಗಿದ್ಲಲ್ಲ. ದೀಪ ಆರಿದ್ರೆ, ಸದ್ಯ, ಬದುಕಿದ್ದಾರೆ, ಎದ್ದು ಓಡಾಡ್ತಿದ್ದಾರೆ ಅಂದ್ಕೊಂಡು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗ್ತಿದ್ದೆ."

ಅವನು ಹೊಸಿಲು ದಾಟಿ ಒಂದು ಹೆಜ್ಜೆ ಹೊರಗೆ ಬಂದ.

"ಹಾಗಾದ್ರೆ ನೀವು ಒಳಗೆ ಸತ್ತು ಬಿದ್ದಿದ್ರೂ ಆರ್ತಿತ್ತು, ಅಲ್ವಾ?" ಎಂದಳು ಬೌಕ್ಯೆ. ತಟ್ಟೆಯನ್ನು ಅವನ ಕೈಗಿಟ್ಟು, "ಹುಟ್ಟುಹಬ್ಬದ ಅಭಿನಂದನೆಗಳು" ಎಂದು ಬೀದಿ ದಾಟಿ ಹೊರಟುಹೋದಳು.

ಅವಳು ಮರೆಯಾದದ್ದೇ ತಡ, ಹಿಂದಿನಿಂದ ಝಗ್ಗನೆ ಬೆಳಕು ಬಿತ್ತು. ಪರದೆ ತೆರೆಯಿತು, ಹಾಡು ನಿಂತಲ್ಲಿಂದ ಶುರುವಾಯಿತು. "ಹೋದ್ರು," ಎಂದಿತು ಯಂತ್ರ. ಕಿಟಕಿಯಲ್ಲಿ ನೆಂಟರೆಲ್ಲ ಅವನನ್ನೇ ನೋಡುತ್ತಿದ್ದರು. ಮಗಳು ಮಾತ್ರ ಬೇರೆ ಕಡೆ ನೋಡುತ್ತಿದ್ದಳು. ಆ ಬೆಳಕಿಗೆ ಮರಳಿ ಹೋಗಲು ವೀಬ್ರೆನ್‌ಗೆ ಧೈರ್ಯ ಸಾಲಲಿಲ್ಲ.

ಕೋಟಿಲ್ಲದೆ, ತಟ್ಟೆ ಹಿಡಿದುಕೊಂಡೇ ಬೀದಿ ದಾಟಿದ. ಆ ಮನೆಯ ಬೆಲ್ಲು ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಒತ್ತಿರಲಿಲ್ಲ. ಹುಡುಕಿ ಒತ್ತಿದ. ಪರದೆಯಿಲ್ಲದ ಕಿಟಕಿಯೊಳಗೆ ಬೌಕ್ಯೆ ಕೋಟು ಬಿಚ್ಚದೆ ಮೇಜಿನ ಮುಂದೆ ಕೂತಿದ್ದಳು. ತಲೆಯೆತ್ತಿ ಅವನನ್ನು ನೋಡಿದಳು. ದೀಪ ಆರಿಸಲು ಕೈ ಚಾಚಲಿಲ್ಲ, ಬಚ್ಚಿಟ್ಟುಕೊಳ್ಳಲಿಲ್ಲ. ಏಳಲೂ ಇಲ್ಲ.

ಅವನು ಇನ್ನೊಂದು ಸಲ ಬೆಲ್ಲು ಒತ್ತಿ, ಚಳಿಯಲ್ಲಿ ಕಾಯುತ್ತ ನಿಂತ.