ನೀರು ಎಡಕ್ಕಿದ್ದರೆ ಬಡಗು

ಹೆಮ್ಮಾಡಿಯ ಭೋಜರಾಜ ಶೆಟ್ಟರಿಗೆ ದಾರಿ ತಪ್ಪಿತು ಎಂದರೆ ಊರಲ್ಲಿ ಯಾರೂ ನಂಬಲಿಕ್ಕಿಲ್ಲ. ಮೂವತ್ತೆರಡು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿದ ಮನುಷ್ಯ, ಕಣ್ಣು ಕಟ್ಟಿ ಬಿಟ್ಟರೂ ಲೋಕಲ್ ಟ್ರೈನಿನಲ್ಲಿ ಸೀಟು ಹಿಡಿಯುವವರು. ಅಂಥವರು ಟೊರಾಂಟೊ ಪಟ್ಟಣದಲ್ಲಿ, ಹಾಡುಹಗಲೇ, ಒಂಟಾರಿಯೋ ಸರೋವರದ ದಡದಲ್ಲಿ ಒಂಟಿಯಾಗಿ ನಿಂತಿದ್ದರು.

ಹೆಂಡತಿ ಸರಸ ಇದ್ದದ್ದು ಸೇಂಟ್ ಲಾರೆನ್ಸ್ ಮಾರ್ಕೆಟ್ಟಿನ ಬಾಗಿಲ ಒಳಗಿನ ಬೆಂಚಿನ ಮೇಲೆ. ಸರಸಳ ತಂಗಿಯ ಮಗಳು ನಿಶ್ಮಿತಾ ಮತ್ತು ಅವಳ ಗಂಡ ಅಜಿತ್ ಇಲ್ಲಿ ಹೊಸ ಮನೆ ಕೊಂಡಿದ್ದರು. ಅದರ ಗೃಹಪ್ರವೇಶಕ್ಕೆಂದು ಬಂದ ಇಬ್ಬರೂ ತಿಂಗಳು ಉಳಿದು ಊರು ನೋಡುತ್ತಿದ್ದರು. ಜಲಪಾತ ಆಯಿತು, ಆಕಾಶಕ್ಕೆ ಚುಚ್ಚುವ ಸಿಎನ್ ಟವರ್ ಹತ್ತಿದ್ದೂ ಆಯಿತು. ಇವತ್ತು ಮಾರ್ಕೆಟ್ಟಿನ ಸರದಿ. ಬೆಳಿಗ್ಗೆ ಅಜಿತ್ ಆಫೀಸಿಗೆ ಹೋಗುವಾಗ ಅವರನ್ನು ಬಾಗಿಲಲ್ಲಿ ಇಳಿಸಿ, "ಮಾವ, ಒಂದೂವರಿಗೆ ಇದೇ ಬಾಗ್ಲಿಗೆ ಬತ್ತೆ. ಎಲ್ಲಿಗೂ ಹೋಯ್ಬೇಡಿ ಅಕಾ," ಎಂದು ಹೇಳಿಯೇ ಹೋಗಿದ್ದ.

ಒಳಗೆ ಆಳೆತ್ತರ ಪೇರಿಸಿದ ಚೀಸಿನ ಗಾಲಿಗಳನ್ನು ನೋಡಿದರು. ಮಂಜುಗಡ್ಡೆಯ ಮೇಲೆ ಮಲಗಿದ್ದ ಸಾಲ್ಮನ್ ಮೀನಿನ ಎದುರು ಸರಸ ನಿಂತೇಬಿಟ್ಟಳು.

"ಹ್ವಾಯ್, ಕಾಣಿ ಇಲ್ಲಿ. ನಮ್ ಅಂಜಲ್ ಮೀನಿನ ಅಣ್ಣ ಇದ್ದಾಂಗ್ ಇತ್ತ್."

"ಅಣ್ಣ ಅಲ್ಲ, ಫಾರಿನ್ನಲ್ಲಿಪ್ಪು ಭಾವ. ಮೈ ಬಣ್ಣ ಕಾಣ್," ಎಂದರು ಶೆಟ್ಟರು. ಸರಸ ಬಾಯಿಗೆ ಸೆರಗು ಹಿಡಿದು ನಕ್ಕಳು.

ನಗು ಮುಗಿಯುವಷ್ಟರಲ್ಲಿ ಅವಳ ಮೊಣಕಾಲು ನೋವು ಶುರುವಾಯಿತು. ಬೆಂಚು ಸಿಕ್ಕಿತು. ಶೆಟ್ಟರಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಎರಡು ರಸ್ತೆ ದಾಟಿದರೆ ಸರೋವರ ಎಂದು ಅಜಿತ್ ಹೇಳಿದ್ದು ತಲೆಯಲ್ಲಿ ಕುಣಿಯುತ್ತಿತ್ತು. ಒಂದು ಫೋಟೋ ತೆಗೆದು ಹೆಮ್ಮಾಡಿ ಗೆಳೆಯರ ವಾಟ್ಸಾಪ್ ಗುಂಪಿಗೆ ಎಸೆಯಬೇಕು.

"ಐದೇ ನಿಮ್ಷ. ನೀ ಕೂತಲ್ಲಿಂದ ಏಳ್ಬೇಡ. ಎದ್ಕಂಡ್ ಹೋದ್ರೆ ಈ ಜನದೊಳಗೆ ನಾ ಎಲ್ಲಿ ಅಂತ ಹುಡ್ಕೂದ್?"

"ಬೇಗ ಬನ್ನಿ ಮತ್ತೆ. ನಂಗ್ ಇವ್ರ ಭಾಷಿ ಒಂದಕ್ಷರ ಬತ್ತಿಲ್ಲೆ."

ಇಬ್ಬರಿಗೂ ಇದ್ದದ್ದು ಒಂದೇ ಫೋನು. ಅದು ಶೆಟ್ಟರ ಕಿಸೆಯಲ್ಲಿ ಹೋಯಿತು. ಅದಕ್ಕೂ ಇಲ್ಲಿಯ ಸಿಮ್ ಇರಲಿಲ್ಲ, ವೈಫೈ ಸಿಕ್ಕಲ್ಲಿ ಮಾತ್ರ ಜೀವ ಬರುತ್ತಿತ್ತು.

ಆಗ ಗಂಟೆ ಹತ್ತೂಕಾಲು.

ಸರೋವರ ಎಂದರೆ ಸರೋವರವೇ? ನಡುಗಡ್ಡೆ ಬಿಟ್ಟರೆ ಆಚೆ ದಡವೇ ಕಾಣದು. ಇವರು ಲೇಕು ಎನ್ನುತ್ತಾರೆ, ಶೆಟ್ಟರ ಲೆಕ್ಕದಲ್ಲಿ ಅದು ಉಪ್ಪು ಹಾಕಲು ಮರೆತ ಸಮುದ್ರ. ಫೋಟೋ ತೆಗೆದರು. ಬಾತುಕೋಳಿಗಳ ವಿಡಿಯೋ ತೆಗೆಯುತ್ತ ಅವುಗಳ ಹಿಂದೆಯೇ ನಡೆದರು. ಹಿಂತಿರುಗಿ ನೋಡಿದರೆ ಬಂದ ರಸ್ತೆ ಯಾವುದೆಂದು ತಿಳಿಯಲಿಲ್ಲ. ಎಲ್ಲ ಕಡೆ ಒಂದೇ ತರದ ಗಾಜಿನ ಕಟ್ಟಡ, ಒಂದೇ ತರದ ಫ್ಲೈಓವರ್. ಸೂರ್ಯನೂ ಮೋಡದೊಳಗೆ ಎಲ್ಲಿದ್ದಾನೋ ಗೊತ್ತಾಗುತ್ತಿರಲಿಲ್ಲ.

ಕಿವಿಗೆ ಬಿರಡೆ ಹಾಕಿಕೊಂಡು ಓಡುತ್ತಿದ್ದ ಹುಡುಗಿಯೊಬ್ಬಳನ್ನು ಕೈ ಅಡ್ಡ ಹಾಕಿ, "ಮಾರ್ಕೆಟ್? ಮಾರ್ಕೆಟ್?" ಎಂದರು. ಅವಳು ನಿಲ್ಲದೆ, "ಗೋ ನಾರ್ತ್! ಯು ಕಾಂಟ್ ಮಿಸ್ ಇಟ್!" ಎಂದು ಹಾಡಿದಂತೆ ಹೇಳಿ ಓಡಿಹೋದಳು.

"ಯು ಕಾಂಟ್ ಮಿಸ್ಸಿಟ್ಟ್," ಎಂದು ಶೆಟ್ಟರು ಅವಳ ರಾಗದಲ್ಲೇ ಅಣಕಿಸಿ, ಧೈರ್ಯ ತಂದುಕೊಂಡರು. ನಾರ್ತ್ ಎಂದರೆ ಬಡಗು. ಬಡಗು ಯಾವುದೆಂದು ಹೆಮ್ಮಾಡಿಯವನಿಗೆ ಯಾರಾದರೂ ಹೇಳಿಕೊಡಬೇಕೇ? ಹುಟ್ಟಿದಂದಿನಿಂದ ನೀರು ಪಡುವಣಕ್ಕೆ. ಮುಂಬಯಿಯಲ್ಲೂ ಹಾಗೆಯೇ. ನೀರನ್ನು ಎಡಕ್ಕಿಟ್ಟುಕೊಂಡು ನಡೆದರೆ ಬೈಂದೂರು, ಬಲಕ್ಕಿಟ್ಟುಕೊಂಡು ನಡೆದರೆ ಬ್ರಹ್ಮಾವರ.

ಶೆಟ್ಟರು ನೀರನ್ನು ಎಡಕ್ಕಿಟ್ಟುಕೊಂಡು ನಡೆದರು.

ಅರ್ಧ ಗಂಟೆಯಾಯಿತು. ಮಾರ್ಕೆಟ್ಟಿನ ಸುಳಿವಿಲ್ಲ. ಮಾರ್ಕೆಟ್ಟಿನ ಬಾಗಿಲಿಂದ ದಬ್ಬಣದಷ್ಟು ಕಂಡಿದ್ದ ಸಿಎನ್ ಟವರ್ ಈಗ ಒನಕೆಯಷ್ಟು ದಪ್ಪವಾಗಿ ತಲೆಯ ಮೇಲೆಯೇ ನಿಂತಿತ್ತು. ನಿನ್ನೆ ಅದರ ಬುಡದಲ್ಲಿ ಹಲ್ಲು ಕಿಸಿದು ಹದಿನೆಂಟು ಫೋಟೋ ತೆಗೆಸಿಕೊಂಡಿದ್ದರು. ಇವತ್ತು ಕತ್ತೆತ್ತಿ ನೋಡಲೂ ಮನಸ್ಸಾಗಲಿಲ್ಲ. ಬೆಂಚಿನ ಮೇಲೆ ಅವಳು ಏನು ಮಾಡುತ್ತಿರಬಹುದು? ಬಾಯಾರಿದರೆ ಯಾರನ್ನು ಕೇಳಿಯಾಳು? ಬಚ್ಚಲಿಗೆ ಹೋಗಬೇಕಾದರೆ ಏನೆಂದು ಕೇಳಿಯಾಳು? ಇಷ್ಟು ವರ್ಷ ಮದುವೆ ಮನೆಯಲ್ಲೂ ಅವಳು ಆ ಮಾತನ್ನು ಯಾರದಾದರೂ ಕಿವಿಯಲ್ಲೇ ಕೇಳಿದವಳು.

ಕಾಫಿ ಅಂಗಡಿಯೊಂದರ ಬಾಗಿಲಲ್ಲಿ ಫೋನು ಟಿಣ್ ಎಂದಿತು. ವೈಫೈ! ಗುಂಪಿಗೆ ಒತ್ತಿಟ್ಟಿದ್ದ ಬಾತುಕೋಳಿ ವಿಡಿಯೋ ತಾನಾಗಿ ಹೊರಟಿತು. ಅಜಿತನಿಗೆ ಮಾಡಿದರು. ಎತ್ತಲಿಲ್ಲ. ನಿಶ್ಮಿತಾ ಆಸ್ಪತ್ರೆಯ ಡ್ಯೂಟಿಯಲ್ಲಿ, ಅವಳೂ ಎತ್ತಲಿಲ್ಲ. ಮತ್ತೆ ಅಜಿತ್, ಮತ್ತೆ ನಿಶ್ಮಿತಾ. ಕೊನೆಗೆ ಕೈ ತಾನಾಗಿ ಊರಿನ ಗೆಳೆಯ ಶೇಖರನ ಹೆಸರನ್ನು ಒತ್ತಿತು. ಅಲ್ಲಿ ರಾತ್ರಿ ಊಟದ ಹೊತ್ತು, ಶೇಖರ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಮಾತಾಡಿದ.

"ಎಂತ ಮಾರಾಯ, ಬಾತುಕೋಳಿ ಕಂಡೆ. ಭಾರಿ ಲಾಯ್ಕ್ ಇತ್ತ್!"

"ಬಾತುಕೋಳಿ ಸಾಯ್ಲಿ! ದಾರಿ ತಪ್ಪಿತ್ ಮಾರಾಯ. ಸರಸ ಒಬ್ಳೇ ಮಾರ್ಕೆಟ್ಟಗೆ ಕೂತಿತ್. ಬಡಗು ದಿಕ್ಕಿಗೆ ಹೋಯ್ಕ್ ಅಂತ್ರ್."

"ನೀರ್ ಎಲ್ಲಿತ್ತ್ ನಿಂಗೆ?"

"ಎಡ ಬದಿಗೆ."

"ಹಾಂಗಾರೆ ಸಮಾ ಇತ್ತಲ್ಲ! ಸೀದಾ ನಡಿ. ಹೆದ್ರಬೇಡ, ನೀರ್ ಎಡಕ್ಕಿದ್ರೆ ಬಡಗೇ. ಅದ್ ತಪ್ಪುಕಿತ್ತಾ?"

ಸಾವಿರಾರು ಮೈಲಿ ದೂರದಲ್ಲಿ ಊಟಕ್ಕೆ ಕೂತವನು ಸಮಾ ಇದೆ ಎಂದ ಮೇಲೆ ಶೆಟ್ಟರಿಗೆ ಇನ್ನೇನು ಬೇಕು? ಕಾಲು ಸೋತಿದ್ದರೂ ಇನ್ನಷ್ಟು ಬೀಸಿ ನಡೆದರು. ಟವರ್ ಹಿಂದೆ ಬಿತ್ತು. ಅಂಗಡಿಗಳು ಕಡಿಮೆಯಾದವು. ಜನ ಕಡಿಮೆಯಾದರು. ಎಡಗಡೆ ಮಾತ್ರ ಆ ಬೂದಿಬಣ್ಣದ ನೀರು, ಹೇಳಿದ ಮಾತು ಕೇಳುವ ನಾಯಿಯಂತೆ ಜೊತೆಗೇ ಬರುತ್ತಿತ್ತು.

ಹನ್ನೆರಡೂವರೆಗೆ, ರಸ್ತೆ ಬದಿ ನಿಂತಿದ್ದ ಟ್ಯಾಕ್ಸಿಯೊಳಗೆ ಪಗಡಿಯ ಸರ್ದಾರ್ಜಿ ಒಬ್ಬ ಕಂಡ. ಮುಂಬಯಿಯ ಹಿಂದಿ ಶೆಟ್ಟರ ಬಾಯಿಂದ ಒಡ್ಡು ಒಡೆದಂತೆ ಹೊರಬಿತ್ತು. ಸರ್ದಾರ್ಜಿ ಎಲ್ಲ ಕೇಳಿ, ಅವರು ಬಂದ ದಾರಿಯತ್ತಲೇ ಬೆರಳು ತೋರಿಸಿದ. ಮಾರ್ಕೆಟ್ಟು ಆ ಕಡೆ, ನೀವು ಪಶ್ಚಿಮಕ್ಕೆ ಬಂದಿದ್ದೀರಿ ಎಂದ.

"ಪಶ್ಚಿಮ್? ಪಾನಿ ತೋ ಉಧರ್ ಹೈ!" ಶೆಟ್ಟರು ನೀರಿನ ಕಡೆ ಕೈ ಚಾಚಿದರು.

"ಅಂಕಲ್‌ಜಿ, ಪಾನಿ ತೋ ಸೌತ್ ಮೇ ಹೈ."

"ಸೌತ್?"

"ಸೌತ್."

ನೀರು ತೆಂಕಿಗೆ! ಅರವತ್ತೇಳು ವರ್ಷ ಪಡುವಣದಲ್ಲೇ ಮಲಗಿದ್ದ ನೀರು, ಇವರು ಬರುವುದನ್ನೇ ಕಾದು ಮಗ್ಗುಲು ಬದಲಿಸಿದಂತಾಯಿತು. ಕಾಲ ಕೆಳಗಿನ ನೆಲವೇ ಕಾಲುಭಾಗ ತಿರುಗಿ ನಿಂತ ಹಾಗೆ, ಶೆಟ್ಟರು ಟ್ಯಾಕ್ಸಿಯ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ತಾನು ಹಾಕಿದ ಒಂದೊಂದು ಹೆಜ್ಜೆಯೂ ಅವಳಿಂದ ದೂರ ಹಾಕಿದ್ದು.

ಟ್ಯಾಕ್ಸಿ ಹತ್ತು ಕಡೆ ಕೆಂಪು ದೀಪಕ್ಕೆ ನಿಂತಿತು. ಶೆಟ್ಟರು ಸೀಟಿನ ತುದಿಯಲ್ಲಿ ಕೂತು, ತಾವೇ ಬ್ರೇಕು ಹಿಡಿದಂತೆ ಕಾಲು ಒತ್ತುತ್ತಿದ್ದರು.

ಮಾರ್ಕೆಟ್ಟಿನಲ್ಲಿ ಈಗ ಜಾತ್ರೆಯಂಥ ಜನ. ನುಗ್ಗಿ ಒಳಗೆ ಬಂದರು. ಸರಸ ಇದ್ದಳು. ಬಿಟ್ಟುಹೋದ ಬೆಂಚಿನ ಮೇಲೆಯೇ, ಬೆನ್ನು ನೆಟ್ಟಗೆ, ಮಡಿಲಲ್ಲಿ ಚೀಲ, ಚೀಲದ ಮೇಲೆ ಎರಡೂ ಕೈ.

"ಅಬ್ಬಾ! ಇದ್ಯಲ್ಲೆ!" ಶೆಟ್ಟರಿಗೆ ಉಸಿರು ಬಂತು. "ಏಳ್, ಏಳ್. ಎಂತಾರೂ ತಿಂಬ."

ಅವಳು ತಲೆ ಎತ್ತಲಿಲ್ಲ. "ಆತಿಲ್ಲೆ."

"ಕಾಲ್ ನೋವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಗ ಕಂಡಿತು. ಹೆಗಲ ಮೇಲಿದ್ದ ಶಾಲು ಸೊಂಟದ ಸುತ್ತ ಬಿಗಿದಿತ್ತು. ಸೀರೆಯ ಅಂಚು ಬಣ್ಣ ಗಾಢವಾಗಿ ಕಾಲಿಗೆ ಅಂಟಿತ್ತು. ಬೆಂಚಿನ ಕೆಳಗೆ ನೆಲ ಒದ್ದೆಯಾಗಿತ್ತು.

"ತುಂಬಾ ಹೊತ್ತ್ ತಡ್ಕಂಡೆ," ಎಂದಳು, ಅವರಿಗಷ್ಟೇ ಕೇಳುವಂತೆ. "ಕೇಂಬುಕೆ ಮಾತ್ ಬರ್ಲಿಲ್ಲೆ. ಹುಡ್ಕಂಡ್ ಹೋಪ ಅಂದ್ರೆ... ನೀವ್ ಬಂದ್ ನಾ ಇಲ್ದಿರೆ? ಏಳ್ಬೇಡ ಅಂದಿದ್ರಿ ಅಲ್ದಾ."

ನೆಲ ಒರೆಸುವ ಹೆಂಗಸು ಗಾಡಿ ತಳ್ಳಿಕೊಂಡು ಹತ್ತಿರ ಬಂದು, ನಗುತ್ತ, "ಆರ್ ಯು ಓಕೆ, ಡಿಯರ್?" ಎಂದಳು.

"ಓಕೆ, ಓಕೆ," ಎಂದರು ಶೆಟ್ಟರು. ಅವಳು ಒಂದು ಕ್ಷಣ ನಿಂತು, ಮುಂದೆ ಹೋದಳು. ಹೋದ ಮೇಲೆ, ಬಚ್ಚಲು ಎಲ್ಲಿ ಎಂದು ಅವಳನ್ನೇ ಕೇಳಬಹುದಿತ್ತು ಎಂದು ಹೊಳೆಯಿತು. ಕರೆಯಲು ಕೈ ಎತ್ತಿದರೆ ಸರಸ ಅವರ ಅಂಗಿಯ ಚುಂಗು ಹಿಡಿದಳು. "ಬ್ಯಾಡ. ಎಲ್ಲ ಕಾಣ್ತ್ರ್."

ಶೆಟ್ಟರು ಜಾಕೆಟ್ಟಿನ ಗುಂಡಿ ಬಿಚ್ಚಿ, ಎರಡೂ ಅಂಚನ್ನು ಕೈಯಲ್ಲಿ ಅಗಲಿಸಿ ಹಿಡಿದು, ಅವಳಿಗೆ ಬೆನ್ನು ಮಾಡಿ ಪರದೆಯಂತೆ ನಿಂತರು. ಚೀಸಿನ ಚೀಲ ಹಿಡಿದವರು, ಮಕ್ಕಳನ್ನು ಹೆಗಲೇರಿಸಿದವರು, ಫೋಟೋ ತೆಗೆಯುವವರು, ಇವರನ್ನು ಸುತ್ತಿ ದಾಟಿ ಹೋಗುತ್ತಿದ್ದರು. ಒಬ್ಬ ಮುದುಕ ಟೊಪ್ಪಿ ಎತ್ತಿ ವಂದಿಸಿದ.

"ಗಂಟಿ ಎಷ್ಟ್?" ಬೆನ್ನ ಹಿಂದಿನಿಂದ ಸರಸ ಕೇಳಿದಳು.

"ಹನ್ನೆರ್ಡ್ ಐವತ್ತ್."

"ಅಜಿತ್ ಬಪ್ಪುಕೆ?"

"ಇನ್ನ್ ನಲ್ವತ್ ನಿಮ್ಷ."

"ನೀವ್ ಎಲ್ಲಿಗೂ ಹೋಯ್ಬೇಡಿ," ಎಂದಳು ಸರಸ.

"ಇಲ್ಲೆ," ಎಂದು ಶೆಟ್ಟರು ಅರ್ಧ ಹೆಜ್ಜೆ ಹಿಂದೆ ಸರಿದು, ಅವಳ ಮೊಣಕಾಲು ತಮ್ಮ ಕಾಲಿಗೆ ತಾಗುವಷ್ಟು ಹತ್ತಿರ ನಿಂತರು.