ಜಾಗ ಖಾಲಿ ಮಾಡುವ ವಿಧಾನ

ಮುಂದಿನ ಸೀಟಿನ ಹೆಂಗಸಿನ ಫೋನಿನಲ್ಲಿ ಕೆಂಪು ಗೆರೆ, ಜಾಗ ತುಂಬಿದೆ ಎನ್ನುವ ಸೂಚನೆ, ಆಕೆ ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳುತ್ತಾಳೆ, ಅದು ಮತ್ತೆ ಬರುತ್ತದೆ, ಮತ್ತೆ ತಳ್ಳುತ್ತಾಳೆ — ಹಂಗಲ್ಲಮ್ಮ, ಸೆಟ್ಟಿಂಗ್ಸ್‌ಗೆ ಹೋಗಿ, ಎಂದು ಚಿಕ್ಕಸ್ವಾಮಿಯ ನಾಲಿಗೆಯ ತುದಿಗೆ ಬಂದದ್ದು ಹಲ್ಲಿನ ಹಿಂದೆಯೇ ನಿಂತಿತು, ಇಪ್ಪತ್ತೆರಡು ವರ್ಷದ ಚಾಳಿ, ತಾಂಡ್ಯದ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನಿಗೆ ಯಾರ ಕೈಯಲ್ಲಿ ಯಾವ ಯಂತ್ರ ಮುನಿಸಿಕೊಂಡರೂ ತನ್ನ ಕೈ ತುರಿಸುತ್ತದೆ, ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತವನನ್ನೂ ಜನ ಬಿಡುವುದಿಲ್ಲ, ಸಾ, ನನ್ ಫೋನ್ ಯಾಕೋ ಬಿಸಿಯಾಯ್ತದೆ, ಒಂಚೂರ್ ನೋಡಿ ಸಾ, ಅವನೂ ಎಡಗೈಯಲ್ಲಿ ತೆಗೆದುಕೊಂಡು ನೋಡುವವನೇ, ಅನ್ನ ಆರಿಹೋಗುವವರೆಗೂ. ಇವತ್ತು ಮಾತ್ರ ಬಾಯಿ ಬಿಡುವುದಿಲ್ಲ. ಇನ್ನು ಯಾರಿಗೂ ಏನನ್ನೂ ಹೇಳಿಕೊಡುವುದಿಲ್ಲ. ನಂಜನಗೂಡು ಬಸ್‌ಸ್ಟ್ಯಾಂಡು ಬಿಟ್ಟು ಹದಿನೈದು ನಿಮಿಷ, ನರಸೀಪುರಕ್ಕೆ ಇನ್ನು ಮುಕ್ಕಾಲು ಗಂಟೆಯಾದೀತು, ಅಷ್ಟರೊಳಗೆ ಮಾತು ಜೋಡಿಸಿಕೊಳ್ಳಬೇಕು — ಅಕ್ಕ, ನಿನ್ ಫೋನ್ ಕೆಟ್ಟಿಲ್ಲ, ಅದರೊಳಗಿದ್ದ ರೋಜಾ ಮಾತೆಲ್ಲ ಅಳಿಸಿಹೋಗಿದೆ, ಒತ್ತಿದ ಬೆರಳು ನಿಂದು, ಒತ್ತು ಅಂತ ಹೇಳ್ಕೊಟ್ಟೋನು ನಾನು. ಇಷ್ಟೇ, ಮೂರು ಸಾಲು. ಸರ್ವರ್ ಕೆಟ್ಟಾಗ ಜನರಲ್ ಮ್ಯಾನೇಜರಿಗೆ ಎಷ್ಟು ಸಲೀಸಾಗಿ ಮೂರು ಸಾಲು ಬರೆಯುತ್ತಾನೆ, ಏನಾಯಿತು, ಯಾಕಾಯಿತು, ಮುಂದೇನು. ಇಲ್ಲಿ ಮೂರನೆಯದಕ್ಕೆ ಉತ್ತರವಿಲ್ಲ.

ದಿನಕ್ಕೊಂದು ಟಿಪ್ ಅನ್ನುವುದು ಅವನು ನಡೆಸುವ ವಾಟ್ಸಾಪ್ ಗುಂಪಿನ ಹೆಸರು, ನೆಂಟರು, ಕಾರ್ಖಾನೆಯವರು, ಬೀದಿಯವರು ಸೇರಿ ಇನ್ನೂರ ಹದಿನಾಲ್ಕು ಜನ, ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಒಂದು ಟಿಪ್ ಹಾಕದಿದ್ದರೆ ಮುಖ ತೊಳೆದಿಲ್ಲ ಅನ್ನಿಸುತ್ತದೆ, ಒಂದನೆಯ ಟಿಪ್ ಕಂಟ್ರೋಲ್ ಝಡ್, ತಪ್ಪಾಯಿತೇ, ಹೆದರಬೇಡಿ, ಎರಡು ಗುಂಡಿ ಒತ್ತಿ, ಆದದ್ದು ಆಗಿಲ್ಲ ಅನ್ನುವಂತಾಗುತ್ತದೆ — ಆ ದಿನ ಎಷ್ಟು ಜನ ಕೈ ಮುಗಿದಿದ್ದರು — ಆಮೇಲೆ ಚಾರ್ಜರ್ ವಿಷಯ, ಪಾಸ್‌ವರ್ಡಿಗೆ ಹುಟ್ಟಿದ ತಾರೀಕು ಇಡಬೇಡಿ ಅನ್ನುವುದು, ಪೆನ್ ಡ್ರೈವ್ ಸುಮ್ಮನೆ ಕೀಳಬೇಡಿ ಅನ್ನುವುದು. ಮೊದಲು ಎಲ್ಲ ಬರೆದು ಹಾಕುತ್ತಿದ್ದ, ಮೂತಿ ತಿರುವಿದ್ದು ರೋಜಾ, ಅಕ್ಕ ಮರಿತಾಯಮ್ಮನ ಒಬ್ಬಳೇ ಮಗಳು, ಏನ್ ಮಾವ ನೀನು, ಓದಕ್ ಬರೋರ್ಗೆ ಗೂಗಲ್ ಐತೆ, ಬರ್ದೇ ಇರೋರ್ಗೆ ಹೇಳ್ಕೊಡು, ನಮ್ಮವ್ವಂಗೆ ಅರ್ಥ ಆಗಂಗ್ ಮಾಡು ನೋಡಾನ. ಅಂದಿನಿಂದ ಬರೆಯುವುದು ಬಿಟ್ಟು ಪುಟ್ಟ ವೀಡಿಯೊ, ಒತ್ತಬೇಕಾದ ಕಡೆ ಕೆಂಪು ದುಂಡು, ತನ್ನದೇ ದನಿಯಲ್ಲಿ ಇಲ್ಲಿ ಒತ್ತಿ, ಈಗ ಇಲ್ಲಿ ಒತ್ತಿ. ಅವಳು ಹೋದ ಮೇಲೂ ಹಾಗೆಯೇ ಮಾಡಿಕೊಂಡು ಬಂದ, ಅವಳ ನೆನಪಿಗೆ ಅಂತಲೇ ಮಾಡಿದ. ಐನೂರ ನಲವತ್ತಮೂರನೆಯದು, ಎರಡು ವಾರದ ಹಿಂದೆ ಹಾಕಿದ್ದು, ಜಾಗ ಖಾಲಿ ಮಾಡುವ ವಿಧಾನ, ಈ ವಾಯ್ಸ್ ಅನ್ನೋ ಫೋಲ್ಡರ್ ಇದೆಯಲ್ಲ, ಯಾವತ್ತೋ ಕೇಳಿ ಮುಗಿಸಿದ ಮಾತೆಲ್ಲ ಇಲ್ಲಿ ಕೊಳೀತಿರುತ್ತೆ, ಎಲ್ಲ ಆರಿಸಿ, ಕಸದ ಬುಟ್ಟಿ ಒತ್ತಿ, ಮರೀದೆ ಬುಟ್ಟಿನೂ ಖಾಲಿ ಮಾಡಿ, ಇಲ್ಲಾಂದ್ರೆ ಮನೆ ಗುಡಿಸಿ ಕಸವನ್ನ ಮೂಲೇಲಿ ಇಟ್ಕೊಂಡಂಗೆ. ಕಸ ಅಂದಿದ್ದ. ಕೊಳೀತಿರುತ್ತೆ ಅಂದಿದ್ದ. ಅಕ್ಕ ಅವತ್ತೇ ಮಧ್ಯಾಹ್ನ ದನಿ ಕಳಿಸಿದ್ದಳು, ಮಾಡ್ದೆ ಕಣೋ ಚಿಕ್ಕ, ಯಾರ್ನೂ ಕೇಳ್ನಿಲ್ಲ, ನಾನೇ ಒತ್ತಿ ಒತ್ತಿ ಮಾಡ್ದೆ, ಫೋನು ಈಗ ಉಸಾರಾಗದೆ, ಆ ದನಿಯಲ್ಲಿ ಎಂಥ ಜಂಬ, ಅಕ್ಷರ ಗೊತ್ತಿಲ್ಲದ ಐವತ್ತೈದು ವರ್ಷದ ಹೆಂಗಸು ಯಂತ್ರವೊಂದನ್ನು ಗೆದ್ದ ಜಂಬ, ಅವನು ಹೆಬ್ಬೆರಳಿನ ಚಿತ್ರ ಹಾಕಿ ಮೀಟಿಂಗಿಗೆ ಹೋದ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಇಲ್ಲಿ ಮಾಡಿದವನು ಒಬ್ಬ, ಉಣ್ಣುವವಳು ಇನ್ನೊಬ್ಬಳು.

ಬಸ್ಸು ಯಾವುದೋ ಊರಲ್ಲಿ ನಿಂತಿದೆ, ಹುಲ್ಲಿನ ಹೊರೆಯವಳೊಬ್ಬಳು ಹೊರೆಯನ್ನು ಮೇಲೆ ಹಾಕು ಅನ್ನುತ್ತಿದ್ದಾಳೆ, ಕಂಡಕ್ಟರ್ ಆಗಲ್ಲಮ್ಮ ಅನ್ನುತ್ತಿದ್ದಾನೆ, ತಡವಾಗಲಿ, ಇನ್ನೂ ತಡವಾಗಲಿ. ರೋಜಾ ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಡ್. ಓದುತ್ತಿದ್ದಳು, ಹೋದ ವರ್ಷ ಆಷಾಢದಲ್ಲಿ ಜ್ವರ ಬಂತು, ಮಂಗಳವಾರ ಬಂದದ್ದು, ಶುಕ್ರವಾರ ಇಲ್ಲ, ಇಪ್ಪತ್ಮೂರು ವರ್ಷ. ಭಾವ ತೀರಿಕೊಂಡು ಹತ್ತು ವರ್ಷವಾಗಿತ್ತು, ಅಕ್ಕನಿಗೆ ಇದ್ದದ್ದು ಅವಳು ಮಾತ್ರ, ಅವಳು ಹೋದ ಮೇಲೆ ಇದ್ದದ್ದು ಆ ದನಿ ಮಾತ್ರ, ಬರೆದರೆ ಅವ್ವ ಓದಲಾರಳು ಎಂದು ಎರಡು ವರ್ಷ ದಿನಾ ಕಳಿಸಿದ ಮಾತು, ಅವ್ವಾ ಉಂಡ್ಯಾ, ಅವ್ವಾ ಮಾತ್ರೆ ನುಂಗ್ದ್ಯಾ, ಎಲ್ಲ ಸೇರಿ ಆರುನೂರಕ್ಕೆ ಮೇಲೆ. ಅಕ್ಕ ಬೆಳಿಗ್ಗೆ ಕಬ್ಬಿನ ಗದ್ದೆಗೆ ಹೊರಡುವ ಮುಂಚೆ ಒಲೆಯ ಮುಂದೆ ಫೋನು ಇಟ್ಟುಕೊಂಡು ನಾಲ್ಕೈದು ಕೇಳುತ್ತಿದ್ದಳು, ಸಾಲಾಗಿ, ಮುಗಿದರೆ ಮತ್ತೆ ಮೊದಲಿಂದ, ಇದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಐನೂರ ನಲವತ್ತಮೂರನೆಯ ಟಿಪ್ ಮಾಡುವಾಗ ಹೊಳೆಯಲಿಲ್ಲ, ಬೇಲಿಯೇ ಎದ್ದು ಹೊಲ ಮೇಯಿತು. ಹೋದ ಭಾನುವಾರ ಫೋನನ್ನು ಅವನ ಕೈಗಿಟ್ಟಳು, ಸ್ಪೀಕ್ರು ಓಗದೆ ಕಣಪ್ಪ, ಮಿಕ್ಕೋರ್ದೆಲ್ಲ ಕೇಳ್ತದೆ, ಅವಳ್ದು ಮಾತ್ರ ಕೇಳಾಕಿಲ್ಲ, ಅದೇನ್ ಇಚಿತ್ರವೋ. ಪರದೆಯ ಮೇಲೆ ಎಲ್ಲ ಇತ್ತು, ಒಂದರ ಕೆಳಗೊಂದು ಪಟ್ಟಿ, ತಾರೀಕು, ಗಂಟೆ, ಒತ್ತುವ ತ್ರಿಕೋನ, ಒತ್ತಿದರೆ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ಈ ಕಡತ ಇಲ್ಲ ಎಂದು, ಅಕ್ಕ ದಿನಾ ಅದನ್ನು ನೋಡಿದ್ದಾಳೆ, ಓದಲಾಗಿಲ್ಲ. ಓದಿದ್ದು ಅವನು. ಓದಿ, ನೋಡ್ತೀನಿ ಅಕ್ಕ, ಶನಿವಾರ ತಂದ್ಕೊಡ್ತೀನಿ ಎಂದು ಸುಳ್ಳುನಗೆ ನಕ್ಕು ಎದ್ದುಬಂದ, ಹೇಡಿ.

ಆರು ದಿನ ಊಟ ನಿದ್ದೆ ಸೇರಲಿಲ್ಲ, ಅಳಿಸಿದ್ದನ್ನು ಹುಡುಕಿಕೊಡುವ ತಂತ್ರಾಂಶ ಒಂದಲ್ಲ ನಾಲ್ಕು ಓಡಿಸಿದ, ಬಂದದ್ದು ಮೂರು ಸಾವಿರ ಶುಭೋದಯದ ಚಿತ್ರ, ಗುಲಾಬಿ, ಹಾರುವ ಪಾರಿವಾಳ, ಚಹಾ ಕಪ್ಪು, ಅಳಿಸಿದ ಜಾಗದ ಮೇಲೆ ಹೊಸದು ಬಂದು ಕೂತರೆ ಹಳೆಯದು ಹೋಯಿತೆಂದೇ ಲೆಕ್ಕ, ಬ್ಯಾಕಪ್ ಇರಬೇಕಿತ್ತು, ಇರಲಿಲ್ಲ, ಅಕ್ಕನ ಡೇಟಾ ಸುಮ್ಮನೆ ಉರಿಯುತ್ತದೆಂದು ಅದನ್ನು ನಿಲ್ಲಿಸಿದವನೂ ಇದೇ ಪುಣ್ಯಾತ್ಮ. ತನ್ನ ಫೋನಿನಲ್ಲಾದರೂ ಒಂದು, ಒಂದೇ ಒಂದು — ಎಲ್ಲಿಯ ಮಾತು, ಅವನು ಶಿಸ್ತಿನ ಮನುಷ್ಯ, ಭಾನುವಾರ ಭಾನುವಾರ ಎಲ್ಲ ತೊಳೆದಿಡುವವನು, ರೋಜಾ ದನಿ ಕಳಿಸಿದರೆ ಟೈಪ್ ಮಾಡಮ್ಮ, ಜಾಗ ತಿನ್ನುತ್ತೆ ಎಂದು ಉತ್ತರಿಸುತ್ತಿದ್ದವನು. ಕೈಕೆಳಗೆ ಕೆಲಸ ಮಾಡುವ ಶಿವಾನಿಗೆ ಗುರುವಾರ ಹೇಳಿದ, ಆ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಅಂದಳು, ಸಾರ್, ಅರ್ಧ ನಿಮಿಷದ ವಾಯ್ಸ್ ಸಿಕ್ಕರೆ ಸಾಕು, ಎಐನಲ್ಲಿ ಅವರು ಏನು ಬೇಕಾದ್ರೂ ಮಾತಾಡೋ ಹಾಗೆ ಮಾಡಬಹುದು. ಏನು ಬೇಕಾದರೂ. ಏನು ಮಾತಾಡಿಸುವುದು, ಅವ್ವಾ ಉಂಡ್ಯಾ ಅಂತ ಇವನು ಟೈಪ್ ಮಾಡಿ ಅವಳ ಬಾಯಲ್ಲಿ ಹೇಳಿಸುವುದೇ, ಬೇಡಮ್ಮ ಅಂದ. ಆದರೆ ಅರ್ಧ ನಿಮಿಷ ಅನ್ನುವ ಮಾತು ತಲೆಯಲ್ಲಿ ಉಳಿಯಿತು, ಅವಳ ದನಿ ಇನ್ನೆಲ್ಲಿ, ಇನ್ನೆಲ್ಲಿ, ನಿನ್ನೆ ಸಂಜೆ ಗೇಟಿನಲ್ಲಿ ಹೊಸ ಹಾಜರಿ ಯಂತ್ರದ ಮುಂದೆ ಮುಖ ಹಿಡಿದು ನಿಂತಾಗ ಹೊಳೆದುಬಿಟ್ಟಿತು — ಹಳೆಯದು! ಬೆರಳಿಡುವ ಪಂಚಿಂಗ್ ಮೆಷಿನ್, ಅದು ಇಂಗ್ಲಿಷಿನಲ್ಲಿ ಗದರುತ್ತಿತ್ತು, ಚಿಕ್ಕಯ್ಯನಛತ್ರದಿಂದ, ತಗಡೂರಿನಿಂದ ಬರುವ ಪ್ಯಾಕಿಂಗ್ ವಿಭಾಗದ ಹೆಂಗಸರು ಅದು ಬೈತಾದೋ ಒಗಳ್ತಾದೋ ಗೊತ್ತಾಗಕಿಲ್ಲ ಸಾ ಅನ್ನುತ್ತಿದ್ದರು, ಆಗ ರೋಜಾಳನ್ನು ಕೂರಿಸಿ ಕನ್ನಡದಲ್ಲಿ ಎರಡೇ ಮಾತು ಹೇಳಿಸಿದ್ದ, ಬೆರಳು ಸರಿಯಾಗಿ ಕೂತರೆ ಧನ್ಯವಾದ, ಕೂರದಿದ್ದರೆ ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಎಂದು ಬರೆದುಕೊಟ್ಟರೆ ಮೊದಲನೆಯದನ್ನು ಹಾಗೇ ಹೇಳಿ, ಎರಡನೆಯದಕ್ಕೆ ಚೀಟಿ ಪಕ್ಕಕ್ಕಿಟ್ಟಳು, ಯಾರ್ ಮಾವ ಹಿಂಗ್ ಮಾತಾಡ್ತಾರೆ, ಎಂದು ತನ್ನದೇ ಧಾಟಿಯಲ್ಲಿ, ಬೆರಳು ಕೂರ್ಲಿಲ್ಲ, ಇನ್ನೊಂದ್ ಸಲ ಇಡಿ, ಅಂದು ಕೊನೆಗೆ ತಡೆಯಲಾರದೆ ಕಿಸಕ್ಕನೆ ನಕ್ಕಳು. ಆ ನಗುವನ್ನು ಕತ್ತರಿಸಬೇಕೆಂದು ಕೂತಿದ್ದ, ಹೆಂಗಸರೇ ಬಿಡಲಿಲ್ಲ, ಇರ್ಲಿ ಬುಡಿ ಸಾ, ಬೆಳಗ್ಗೆದ್ದು ನಗೋ ದನಿ ಕೇಳ್ಕಂಡು ಒಳಕ್ ಓಯ್ತೀವಿ. ಇವತ್ತು ಬೆಳಿಗ್ಗೆ ಗುಜರಿ ಕೋಣೆಯ ಬಾಗಿಲು ತೆಗೆಸಿದ, ಕೀಬೋರ್ಡುಗಳ ರಾಶಿಯ ಅಡಿಯಲ್ಲಿತ್ತು, ತಂತಿ ಹಚ್ಚಿ ಬೆರಳಿಟ್ಟ, ಧನ್ಯವಾದ ಅಂದಳು ರೋಜಾ, ನಿಂತಲ್ಲೇ ಕೀಬೋರ್ಡುಗಳ ಮೇಲೆ ಕುಸಿದು ಕೂತು ಅತ್ತ. ಆಮೇಲೆ ಸಾಹೇಬರ ಸಹಿ ಹಾಕಿಸಿ, ಗೇಟ್ ಪಾಸ್ ಮಾಡಿಸಿ, ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟ. ದನಿಯನ್ನು ಫೋನಿಗೆ ಇಳಿಸಿಕೊಂಡು ಹೋಗಬಹುದಿತ್ತು, ಎರಡು ನಿಮಿಷದ ಕೆಲಸ, ಆದರೆ ಫೋನಿಗೆ ಹಾಕಿದರೆ ಮತ್ತೆ ಯಾವ ಮಹಾನುಭಾವ ಯಾವ ಟಿಪ್ ಕೊಡುತ್ತಾನೋ.

ಸಾ, ಕೊನೇ ಸ್ಟಾಪು, ಇಳೀರಿ, ಅಂದ ಕಂಡಕ್ಟರ್. ಇಳಿದ, ನಡೆದ, ಹೊಳೆಯ ಕಡೆಯ ಗಾಳಿ ಮುಖಕ್ಕೆ ಬಡಿಯಿತು, ಮೂರು ಸಾಲೂ ಮರೆತುಹೋಯಿತು, ಅಕ್ಕ ಬಾಗಿಲಲ್ಲೇ ಸೊಪ್ಪು ಸೋಸುತ್ತ ಕೂತಿದ್ದಾಳೆ, ಬಂದ್ಯಾ ಚಿಕ್ಕ, ಸರಿಯಾಯ್ತಾ, ಎಂದು ಕೈ ಸೀರೆಗೆ ಒರೆಸಿಕೊಂಡು ಫೋನಿಗಾಗಿ ಚಾಚುತ್ತಾಳೆ, ಇಲ್ಲ ಅಕ್ಕ, ಅಂದ, ಸ್ಪೀಕರ್ ಚೆನ್ನಾಗೇ ಅದೆ, ಮಾತೇ ಇಲ್ಲ, ಆವತ್ತು ನಾನು ಹೇಳ್ಕೊಟ್ನಲ್ಲ ಕಸ ತೆಗೆಯೋದು, ಆ ಕಸದಲ್ಲಿ ಅವಳ ಮಾತು ಹೋಯ್ತು, ನನ್ನಿಂದ ಹೋಯ್ತು ಅಕ್ಕ. ಅಕ್ಕ ಸೊಪ್ಪನ್ನೇ ನೋಡುತ್ತಿದ್ದಾಳೆ. ಎಲ್ಲಾನೂವಾ? ಎಲ್ಲಾ ಅಕ್ಕ. ಕೆಮ್ಮಕಂಡ್ ಮಾತಾಡಿದ್ಲಲ್ಲ, ಸುಂಟಿ ಜಜ್ಜಿ ಕುಡಿ ಅಂದಿದ್ನಲ್ಲ, ಅದೂ? ಅದೂ. ಉಗಾದಿ ಅಬ್ಬಕ್ಕೆ ಬರಾಕಾಗಕಿಲ್ಲ ಅಂತ ಅತ್ತಿದ್ದು? ಅದೂ ಅಕ್ಕ. ಮೀನ್ ಸಾರ್ ಮಾಡಿಡವ್ವ, ಶನಿವಾರ ಬತ್ತೀನಿ ಅಂದಿದ್ದು? ಅವನು ಹೂಂ ಎಂದು ತಲೆ ಆಡಿಸಿದ. ಅಕ್ಕ ಬೈಯುತ್ತಾಳೆಂದು ಕಾದ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದ, ಅವಳು ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಆ ತೋರುಬೆರಳನ್ನು ಎಡಗೈಯಿಂದ ತಿಕ್ಕುತ್ತ, ಇದೇ ಬೆಳ್ಳು ಕಣೋ, ಇದ್ರಲ್ಲೇ ಒತ್ತಿದ್ದು, ಅಂದಳು.

ಚೀಲ ಬಿಚ್ಚಿದ, ಗೂಡಿನ ಪಕ್ಕದ ಪ್ಲಗ್ಗಿಗೆ ತಂತಿ ಸಿಕ್ಕಿಸಿದ, ಸಣ್ಣ ಪರದೆ ಬೆಳಗಿತು, ಗಾಜಿನ ಕೆಳಗೆ ಹಸಿರು ದೀಪ, ಇದೇನ್ಲಾ ಇದು, ಸೊಸೈಟೀಲಿ ಅಕ್ಕಿ ಕೊಡೋ ಮಿಸಿನ್ನಾ, ನನ್ ಬೆಳ್ಳು ಅಲ್ಲೂ ತಗಳಾಕಿಲ್ಲ ಕಣಪ್ಪ, ಸವೆದೋಗದೆ, ಎಂದು ಕೈ ಹಿಂದಕ್ಕೆಳೆದುಕೊಂಡಳು, ಇಡು ಅಕ್ಕ, ಒಂದ್ಸಲ ಇಡು, ಎಂದು ಅವನೇ ಅವಳ ಕೈ ಹಿಡಿದ, ಕಬ್ಬಿನ ಸೋಗೆ ಗೀರಿ ಗೀರಿ ರೇಖೆಯೇ ಇಲ್ಲದ ಬೆರಳು, ಗಾಜಿನ ಮೇಲೆ ಇಟ್ಟಳು. ಬೆರಳು ಕೂರ್ಲಿಲ್ಲ, ಇನ್ನೊಂದ್ ಸಲ ಇಡಿ, ಆಮೇಲೆ ಆ ನಗು. ಅಕ್ಕ ಬೆರಳು ಎತ್ತಲಿಲ್ಲ. ಆಮೇಲೆ ಬೆರಳನ್ನು ಸೆರಗಿನಲ್ಲಿ ಒರೆಸಿ ಮತ್ತೆ ಇಟ್ಟಳು, ಇನ್ನೊಂದ್ ಸಲ ಇಡಿ, ಇಟ್ಟಳು — ಅವನ ತಲೆ ಹಳೆಯ ಚಾಳಿಯಲ್ಲೇ ಓಡುತ್ತಿದೆ, ಮೆನು ಒತ್ತಿ ಇವಳ ಹೆಸರು ಸೇರಿಸಬಹುದು, ಬೆರಳಿಗೆ ಒಂಚೂರು ಎಣ್ಣೆ ಸವರಿದರೆ ಗುರುತು ಕೂರುತ್ತದೆ, ಒಂದೇ ನಿಮಿಷ, ಕೂತರೆ ಧನ್ಯವಾದ ಅನ್ನುತ್ತದೆ, ಅಷ್ಟಕ್ಕೇ ಮುಗಿಯುತ್ತದೆ — ಬೇಡ, ಕೂರುವುದು ಬೇಡ, ಅವನು ಕೈಕಟ್ಟಿ ಗೋಡೆಗೆ ಒರಗಿದ, ಇಟ್ಟೆ ಕಣವ್ವ, ಅನ್ನುತ್ತಿದ್ದಾಳೆ ಅಕ್ಕ, ಇಟ್ಟೆ ಕಣವ್ವ, ಗಾಜಿನ ಹಸಿರು ಬೆಳಕು ಅವಳ ಉಗುರಿನ ಅಂಚಿನಲ್ಲಿ, ಇನ್ನೊಂದ್ ಸಲ ಇಡಿ, ನಗು, ಬೆರಳು ಎತ್ತಿದಳು, ಇಟ್ಟಳು, ಇನ್ನೊಂದ್ ಸಲ ಇಡಿ, ನಗು, ಬೆರಳು