ಕೊನೇಲಿ ನೋಡೋಣ

ನನ್ನ ತಮ್ಮ ಕಂಪನಿಗಳಿಗೆ ಹೋಗಿ, ದೊಡ್ಡವರಿಗೆ ನಾಲ್ಕು ಜನರೆದುರು ಮಾತಾಡುವುದು ಹೇಗೆಂದು ಕಲಿಸುತ್ತಾನೆ. ಮನೆಯಲ್ಲಿ ಅವನು ಬಾಯಿ ತೆರೆದರೆ ಹೆಂಡತಿ ಮಿಕ್ಸಿ ಹಾಕುತ್ತಾಳೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನು ಕಲಗಚ್ಚಿನ ಬಾನಿಗೆ ಬಿತ್ತಂತೆ. ಈ ಗಾದೆಯನ್ನು ಅವನೆದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವನಿಗೆ ತಾಗುವುದಿಲ್ಲ.

ನಿಜವಾದ ಹಲ್ಲಿಯ ಸುದ್ದಿ ತಂದವಳು ಅವನ ಮಗಳು. ಬಾಯಿಗೆ ಬಿಡುವೇ ಇಲ್ಲವೆಂದು ಅವಳನ್ನು ಗುಬ್ಬಿ ಎನ್ನುತ್ತೇವೆ. ಒಂದು ಸಂಜೆ ಒದ್ದೆ ಕಾಲಲ್ಲೇ ಮಹಡಿ ಹತ್ತಿ ನನ್ನ ಕೋಣೆಗೆ ಓಡಿಬಂದಳು.

“ಅತ್ತೆ, ಬಚ್ಚಲಲ್ಲಿ ಹಲ್ಲಿ ಬಾಲ ಬಿಟ್ಟು ಓಡಿಹೋಯ್ತು! ಬಾಲ ಒಂದೇ ಕುಣೀತಿತ್ತು ಅತ್ತೆ, ಹಿಂಗೆ, ಹಿಂಗೆ!” ಎಂದು ನೆಲದ ಮೇಲೆ ಬಿದ್ದು ಹೊರಳಿ ತೋರಿಸಿದಳು. ತಟ್ಟನೆ ಎದ್ದು ಕೂತಳು. “ಹಲ್ಲಿ ಹೋಗ್ಬಿಟ್ಟಿದೆ ಅಂತ ಬಾಲಕ್ಕೆ ಗೊತ್ತಿರುತ್ತಾ?”

ಶಾಲೆಯಲ್ಲಿ ಪಾಠ ಹೇಳಿ ಹೇಳಿ ಹಲ್ಲು ಉದುರಿಸಿಕೊಂಡ ನನಗೂ ಉತ್ತರ ಗೊತ್ತಿರಲಿಲ್ಲ. “ಗೊತ್ತಿಲ್ಲ ಕಣೇ. ಇದನ್ನೇ ನಿನ್ನ ಕ್ಲಾಸಲ್ಲಿ ಹೇಳು” ಎಂದೆ. ಮುಂದಿನ ವಾರ ಅವಳ ತರಗತಿಯ ಮಕ್ಕಳೆಲ್ಲ ಒಂದೊಂದು ವಿಷಯ ಮಂಡಿಸಬೇಕಿತ್ತು. ಅವಳು ಅಲ್ಲಿ ಹೀಗೆ ಹೊರಳಿದ್ದರೆ ಸಾಕಿತ್ತು, ಇಡೀ ಕ್ಲಾಸು ಬೆಂಚು ಹತ್ತಿ ನೋಡುತ್ತಿತ್ತು.

ಅಷ್ಟರಲ್ಲಿ ತಮ್ಮನಿಗೆ ಸುದ್ದಿ ಮುಟ್ಟಿತು.

“ನೆಲದ ಮೇಲೆ ಹೊರಳೋದಾ ಅಕ್ಕ? ಅವಳ ಇಮೇಜ್ ಏನಾಗ್ಬೇಕು?”

ಹಾಲುಹಲ್ಲು ಪೂರ್ತಿ ಬೀಳದ ಕೂಸಿಗೆ ಇಮೇಜಂತೆ! ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಂತು. ಹಲ್ಲಿಯ ಬಾಲ ‘ಸರೀಸೃಪಗಳ ರಕ್ಷಣಾ ವಿಧಾನಗಳು’ ಆಯಿತು. ಕಾಲು ಅಗಲಿಸಿ ನಿಲ್ಲಬೇಕು. ಕಾಣದ ಕುಂಬಳಕಾಯಿ ಹಿಡಿದವರಂತೆ ಕೈಗಳು ಸೊಂಟದ ಮಟ್ಟಕ್ಕೆ ಬರಬೇಕು. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರು ಎಣಿಸಿ, ನಕ್ಕು, ಮುಂದೆ ಹೋಗಬೇಕು. ನಡುವೆ ಯಾರಾದರೂ ಬಾಯಿ ಹಾಕಿದರೆ “ಒಳ್ಳೆ ಪ್ರಶ್ನೆ, ಕೊನೇಲಿ ನೋಡೋಣ” ಎನ್ನಬೇಕು.

ನಾನೇ ನಡುವೆ ಬಾಯಿ ಹಾಕಿದೆ. “ಆ ಮಗೂನ ಹಾಳು ಮಾಡ್ತಿದೀಯ. ಅವಳಿಗೆ ಏನೋ ಹೇಳೋದಿದೆ, ಹೇಳೋಕೆ ಬಿಡು.”

“ಏನು ಹೇಳ್ತೀವಿ ಅನ್ನೋದು ಮುಖ್ಯ ಅಲ್ಲಕ್ಕ, ಹೆಂಗೆ ಹೇಳ್ತೀವಿ ಅನ್ನೋದು ಮುಖ್ಯ.”

ಇದನ್ನು ಕೇಳಿಸಿಕೊಳ್ಳಲು ಜನ ಟೈ ಕಟ್ಟಿಕೊಂಡು ಬರುತ್ತಾರೆ.

ಮಂಡನೆಯ ದಿನ ನಾವು ಮನೆಯವರೆಲ್ಲ ತರಗತಿಯ ಹಿಂದೆ ಮಕ್ಕಳ ಕುರ್ಚಿಗಳಲ್ಲಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತೆವು. ತಮ್ಮ ಮಾತ್ರ ಗೋಡೆಯ ಪಕ್ಕ ನಿಂತ. ಗುಬ್ಬಿ ಕುಂಬಳಕಾಯಿ ಹಿಡಿದಳು.

“ನೀವು ಯಾವತ್ತಾದರೂ ಹಲ್ಲಿಯ ಬಾಲ ಬೀಳೋದನ್ನ ನೋಡಿದ್ದೀರಾ?”

ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಎದ್ದೇಬಿಟ್ಟಳು. “ನಾನ್ ನೋಡಿದೀನಿ! ನಮ್ಮನೆ ಕಿಟಕಿಗೆ ಸಿಕ್ಕಾಕೊಂಡು...”

ಗುಬ್ಬಿಯ ಮುಖ ಅರಳಿತು. ಈಗ ನೆಲಕ್ಕೆ ಬೀಳುತ್ತಾಳೆ, ಈಗ ಹೊರಳುತ್ತಾಳೆ ಎಂದು ನಾನು ಕುರ್ಚಿಯ ತುದಿಗೆ ಬಂದೆ. ತಮ್ಮ ಒಂದು ಬೆರಳೆತ್ತಿದ.

“ಒಳ್ಳೆ ಪ್ರಶ್ನೆ,” ಎಂದಳು ಗುಬ್ಬಿ. “ಕೊನೇಲಿ ನೋಡೋಣ.”

ಪಾಪ, ಆ ಹುಡುಗಿ ಪ್ರಶ್ನೆಯನ್ನೇ ಕೇಳಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕೂತಳು. ಆಮೇಲೆ ಸ್ಲೈಡಿನ ಮೇಲೆ ಸ್ಲೈಡು. ಒಬ್ಬ ರಬ್ಬರನ್ನು ಚೂರು ಚೂರು ಮಾಡಿದ, ಇನ್ನೊಬ್ಬ ತೂಕಡಿಸಿದ. ‘ಧನ್ಯವಾದ’ ಎಂಬ ಸ್ಲೈಡು ಬಂದಾಗ ಯಾರೂ ಏನೂ ಕೇಳಲಿಲ್ಲ. ಅಷ್ಟು ಹೊತ್ತೂ ಫೋನು ನೋಡುತ್ತಿದ್ದ ಕ್ಲಾಸ್ ಟೀಚರ್ “ಎಷ್ಟು ಶಿಸ್ತು!” ಎಂದು ಅವಳಿಗೇ ಮೊದಲ ಬಹುಮಾನ ಕೊಟ್ಟರು. ನಿದ್ದೆ ಬರಿಸಿದವರಿಗೆ ಬಹುಮಾನ ಕೊಡುವುದು ನಮ್ಮ ಕಸುಬಿನ ಹಳೇ ಚಾಳಿ.

ಸಂಜೆ ಅವಳು ಬಹುಮಾನದ ಕಪ್ಪು ತೋರಿಸಲು ನನ್ನ ಕೋಣೆಗೆ ಬಂದಳು. ನಾನು ನೆಲದ ಮೇಲೆ ಕೂತೆ.

“ಗುಬ್ಬೀ, ಈಗ ಆ ಬಾಲದ ವಿಷಯ ಹೇಳೇ. ಹಲ್ಲಿ ಹೋಗಿದೆ ಅಂತ ಅದಕ್ಕೆ ಗೊತ್ತಿತ್ತಾ?”

ಅವಳು ಕಾಲು ಅಗಲಿಸಿ ನಿಂತಳು. ಕೈಗಳೆರಡೂ ಸೊಂಟದ ಮಟ್ಟಕ್ಕೆ ಬಂದವು. ಮೂರು ಎಣಿಸಿದ್ದು ತುಟಿಯಲ್ಲಿ ಕಂಡಿತು.

“ಒಳ್ಳೆ ಪ್ರಶ್ನೆ ಅತ್ತೆ. ಕೊನೇಲಿ ನೋಡೋಣ.”

ಬಾಗಿಲಲ್ಲಿ ನಿಂತಿದ್ದ ತಮ್ಮ ಚಪ್ಪಾಳೆ ತಟ್ಟಿದ.